ಒಂದೇ ಸೂರಿನಡಿ ಎರಡು ಸೊಪ್ಪು

ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಮೆಕ್ಯಾನಿಕ್ಕನ್ನು ಕರೆಯುವ ಮೊದಲು ಪೂಜೆಯ ವಿಚಾರಣೆ ನಡೆಯುತ್ತದೆ. ನಿಂಬೆಹಣ್ಣು ಇಟ್ಟಿದ್ರಾ, ಕುಂಬಳಕಾಯಿ ಒಡೆದದ್ದು ಯಾರು, ರಾಹುಕಾಲ ಆಗಿತ್ತಾ ಎಂದು. ಇದನ್ನು ನಾನು ನಗಾಡಲೆಂದು ಹೇಳುತ್ತಿಲ್ಲ. ನಮ್ಮ ಸರ್ವರು ಕೆಟ್ಟ ವರ್ಷ ಪೂಜೆಗೂ ಅದರಲ್ಲಿ ಪಾಲಿತ್ತು. ಜನ ಅಂದುಕೊಂಡ ಪಾಲಲ್ಲ, ಅಷ್ಟೆ.

ಎರಡು ಸಾವಿರದ ದಶಕದ ನಡುವಿನ ಮಾತು. ರಾಮನಗರದ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಕ್ಕೆ, ರೇಷ್ಮೆ ಮತ್ತು ರಾಗಿಯ ಮೇಲೆ ಕೆಲಸ ನಡೆಯುತ್ತಿದ್ದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ನನಗೆ ಕಂಪ್ಯೂಟರು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ನಮ್ಮೂರು ಮಾಗಡಿ ತಾಲ್ಲೂಕು, ಕಲ್ಯದ ಪಕ್ಕ. ಬೆಳಗ್ಗೆ ಬಸ್ಸಿಳಿದು ಹೆದ್ದಾರಿ ದಾಟುವುದೇ ಒಂದು ಸಾಹಸ. ಬಿಡದಿ ಕಾರ್ಖಾನೆಗಳಿಗೆ ಜನ ತುಂಬಿಕೊಂಡು ಹೋಗುವ ಬಸ್ಸುಗಳು ಒಂದರ ಹಿಂದೊಂದು ಬರುತ್ತಿದ್ದವು. ನನ್ನ ಜೊತೆ ಓದಿದವರಲ್ಲಿ ಅರ್ಧ ಜನ ಅವುಗಳ ಕಿಟಕಿಯಲ್ಲಿ ತೂಕಡಿಸುತ್ತಾ ಕೂತಿರುತ್ತಿದ್ದರು. ‘ನೀನ್ಯಾಕಮ್ಮಿ ಹುಳದ ಆಫೀಸ್ ಸೇರ್ಕಂಡೆ?’ ಎಂದು ಅವರಿಗೆ ಆಶ್ಚರ್ಯ. ಮನೆಯಲ್ಲಿ ರೇಷ್ಮೆಹುಳುವಿನ ಸಹವಾಸ ಸಾಲದೆ ಆಫೀಸಿಗೂ ಅದನ್ನೇ ಹುಡುಕಿಕೊಂಡು ಹೋದವಳು ನಾನು ಎಂದು ನಮ್ಮವ್ವನೂ ಆಡಿಕೊಳ್ಳುತ್ತಿದ್ದಳು.

ಕೇಂದ್ರದಲ್ಲಿ ಒಂದೇ ಒಂದು ದೊಡ್ಡ ಕಂಪ್ಯೂಟರು. ಅದನ್ನು ನಾವೆಲ್ಲ ಸರ್ವರು ಎನ್ನುತ್ತಿದ್ದೆವು, ಅಟೆಂಡರಣ್ಣ ಮಾತ್ರ ಮಿಷನ್ನು ಎನ್ನುತ್ತಿದ್ದ. ಅದಿದ್ದ ಕೋಣೆಗೆ ಬಿಟ್ಟರೆ ಬೇರೆಲ್ಲೂ ಎ.ಸಿ. ಇರಲಿಲ್ಲವಾದ್ದರಿಂದ ಬೇಸಿಗೆಯಲ್ಲಿ ಎಲ್ಲರಿಗೂ ಸರ್ವರಿನ ಮೇಲೆ ಎಲ್ಲಿಲ್ಲದ ಪ್ರೀತಿ. ಊಟವಾದ ಮೇಲೆ ‘ಹೆಂಗೈತೆ?’ ಎಂದು ವಿಚಾರಿಸಲು ಬಂದವರು ಕುರ್ಚಿ ಎಳೆದುಕೊಂಡು ಅಲ್ಲೇ ಕೂರುತ್ತಿದ್ದರು. ನಾನು ಗದರಿದರೆ ‘ಬಾಯಿ ಜಾಸ್ತಿ ಈ ಹುಡುಗಿಗೆ’ ಎಂದು ಹೆಸರು. ಆ ಹೆಸರನ್ನು ನಾನು ಜೋಪಾನವಾಗಿ ಉಳಿಸಿಕೊಂಡಿದ್ದೆ. ಅದಿಲ್ಲದಿದ್ದರೆ ಆ ಕೋಣೆ ಊಟದ ಮನೆಯಾಗಿಬಿಡುತ್ತಿತ್ತು.

ಮುಖ್ಯಸ್ಥರು ಒಳ್ಳೆಯ ಮನುಷ್ಯ. ಆದರೆ ಬೀಗ ಎಂದರೆ ಅವರಿಗಾಗದು. ಯಂತ್ರದಲ್ಲಿ ಏನು ಬೇಕಾದರೂ ಹಾಕುವ, ತೆಗೆಯುವ ಅಧಿಕಾರ ಕೊಡುವ ಮುಖ್ಯ ಪಾಸ್‌ವರ್ಡೊಂದು ಇರುತ್ತದಲ್ಲ, ಅದನ್ನು ಎಲ್ಲರಿಗೂ ಹೇಳಿಬಿಟ್ಟಿದ್ದರು. ‘ಎಲ್ಲಾರ್ಗೂ ಅಂತ ತಂದಿರೋದು, ಎಲ್ಲಾರೂ ಬಳಸ್ಲಿ ಬುಡಮ್ಮ’ ಎನ್ನುವುದು ಅವರ ಧರ್ಮ. ನಾನು ಬದಲಿಸಿ ನೋಡಿದೆ. ಸಂಜೆಯೊಳಗೆ ಅವರೇ ನನ್ನಿಂದ ಹೊಸದನ್ನು ಕೇಳಿ ತಿಳಿದು ಪ್ರಸಾದದ ಹಾಗೆ ಹಂಚಿ ಬರುತ್ತಿದ್ದರು.

ಆ ಸರ್ವರಿನ ಮುಂದೆ ಹೆಚ್ಚು ಹೊತ್ತು ಕೂರುತ್ತಿದ್ದವರು ಇಬ್ಬರು. ಒಬ್ಬಳು ನಾನು ಅಕ್ಕ ಎಂದು ಕರೆಯುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ. ಕನಕಪುರದ ಕಡೆಯವಳು, ಹುಳು ಸಾಕುವ ಮನೆಯವಳು, ನನಗಿಂತ ಸ್ವಲ್ಪ ದೊಡ್ಡವಳು. ಇನ್ನೊಬ್ಬರು ಚನ್ನಪಟ್ಟಣದಿಂದ ಓಡಾಡುತ್ತಿದ್ದ ರಾಗಿ ಸಾರ್. ರಾಗಿ ತಳಿಗಳಲ್ಲಿ ಯಾವುದು ಯಾವುದಕ್ಕೆ ದಾಯಾದಿ ಎಂದು ಡಿಎನ್‌ಎ ನೋಡಿ ವಂಶಾವಳಿ ಬರೆಯುವುದು ಅವರ ಕೆಲಸ.

ಅಕ್ಕನ ಕೆಲಸ ಗಂಟು ರೋಗದ ಮೇಲೆ. ಹುಳು ಸಾಕುವವರ ಮನೆಯಲ್ಲಿ ಆ ಹೆಸರನ್ನು ಜೋರಾಗಿ ಹೇಳುವುದಿಲ್ಲ. ತಾಯಿಚಿಟ್ಟೆಗೆ ಅದಿದ್ದರೆ ಮೊಟ್ಟೆಗೆ ಬರುತ್ತದೆ, ಮೊಟ್ಟೆಯಿಂದ ಹುಳುವಿಗೆ, ಒಂದು ಹುಳುವಿನಿಂದ ಇಡೀ ಮನೆಗೆ. ಔಷಧವಿಲ್ಲ, ಸುಡಬೇಕು. ಅದಕ್ಕೇ ಮೊಟ್ಟೆ ತಯಾರಿಸುವ ಕಡೆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗಾಣು ಕಣ್ಣಿಗೆ ಕಾಣುವ ಮೊದಲೇ ಅದರ ಡಿಎನ್‌ಎ ಹಿಡಿದು ಹೇಳುವ ಪರೀಕ್ಷೆಯೊಂದನ್ನು ಕಟ್ಟಬೇಕೆಂದು ಅಕ್ಕ ಹೊರಟಿದ್ದಳು. ಅದಕ್ಕೊಂದು ಡಿಎನ್‌ಎ ತುಣುಕು ಬೇಕು. ಆ ತುಣುಕು ರೋಗಾಣುವಿನಲ್ಲಿ ಇರಬೇಕು, ಹುಳುವಿನಲ್ಲಿ ಇರಲೇಕೂಡದು. ಇದ್ದರೆ ಆರೋಗ್ಯವಾಗಿರುವ ಹುಳುವಿಗೂ ರೋಗದ ಹಣೆಪಟ್ಟಿ ಬೀಳುತ್ತದೆ.

ವರ್ಷಗಟ್ಟಲೆ ಜರಡಿ ಹಿಡಿದು ಅವಳು ಕೆಲವು ತುಣುಕುಗಳನ್ನು ಆರಿಸಿದ್ದಳು. ಅವುಗಳ ಪಟ್ಟಿ ಕೊಡುವ ಪ್ರೋಗ್ರಾಮನ್ನೂ ತಾನೇ ಬರೆದಿದ್ದಳು. ಪಟ್ಟಿಯ ಮೊದಲ ಸಾಲಿನ ತುಣುಕನ್ನು ‘ನನ್ನ ಚೊಚ್ಚಲು’ ಎನ್ನುತ್ತಿದ್ದಳು. ಅದರ ಸುತ್ತಲೇ ಅವಳ ಪ್ರಬಂಧ ಹೆಣೆದುಕೊಂಡಿತ್ತು. ಹತ್ತಿರದ ಒಂದು ಮೊಟ್ಟೆ ಕೇಂದ್ರದವರು ಮುಂದಿನ ಬೆಳೆಗೆ ಅದನ್ನು ಪ್ರಯೋಗಿಸಿ ನೋಡಲು ಒಪ್ಪಿಯೂ ಇದ್ದರು. ಆ ವರ್ಷದ ನವರಾತ್ರಿಯ ಹೊತ್ತಿಗೆ ಪ್ರಬಂಧದ ಟೈಪಿಂಗ್ ಮುಗಿದು, ಪಟ್ಟಿಯನ್ನು ಕೊನೆಯ ಸಲ ತೆಗೆದು ಅಂಟಿಸುವುದೊಂದು ಉಳಿದಿತ್ತು.

ಆಯುಧಪೂಜೆ ಬಂತು. ಸರ್ವರು ನಮ್ಮಲ್ಲಿಗೆ ಬಂದಮೇಲೆ ಅದೇ ಮೊದಲನೆಯದು. ಹಿಂದಿನ ದಿನವೇ ಮುಖ್ಯಸ್ಥರು ಬಂದು, ‘ನಾಳೆ ಎಲ್ಲಾ ಆರ್ಸಮ್ಮ’ ಎಂದರು. ಕರೆಂಟು ಹೋದರೂ ಬ್ಯಾಟರಿಯ ಮೇಲೆ ಉಸಿರು ಹಿಡಿದುಕೊಂಡು, ಬಂದಾಗಿನಿಂದ ಒಮ್ಮೆಯೂ ನಿಲ್ಲದೆ ಓಡಿದ್ದ ಯಂತ್ರ ಅದು. ಆರಿಸುವುದು ಬೇಡ, ಹಾಗೇ ಕುಂಕುಮ ಇಡಿ ಎಂದೆ.

‘ಅದೆಂಗಮ್ಮ ಆಯ್ತದೆ? ನೇಗ್ಲು ಕುಂಟೆಗೇ ಆ ದಿನ ರಜ ಐತೆ. ಅದೂ ಒಂದ್ ಜೀವ ಅಂದ್ಕೊ. ಒಸಿ ಮಲಗ್ಲಿ.’

ಮನಸ್ಸಿಗೆ ಹಿತವಾದ ಮಾತೇ. ಆರಿಸಿದೆ. ಅಟೆಂಡರಣ್ಣ ಅದರ ಎದೆಗೆ ಮೂರು ಬೆರಳು ವಿಭೂತಿ ಎಳೆದ, ಎರಡೂ ಪಕ್ಕಕ್ಕೆ ಬಾಳೆಕಂದು ಕಟ್ಟಿದ, ನೆತ್ತಿಯ ಮೇಲೆ ಚೆಂಡುಹೂವಿನ ಹಾರ ಹಾಕಿದ. ಕಡ್ಲೆಪುರಿ, ಬೂಂದಿ ಹಂಚಿದರು. ನಮ್ಮ ಜೀಪಿನ ಪಕ್ಕದಲ್ಲಿ ಸರ್ವರಿನ ಹೆಸರಲ್ಲೂ ಒಂದು ಬೂದುಗುಂಬಳ ಒಡೆಯಿತು. ವಿಜಯದಶಮಿಯ ರಜೆಯನ್ನೂ ಅದು ಸುಖವಾಗಿ ಮಲಗಿ ಕಳೆಯಿತು.

ರಜೆ ಮುಗಿದು ಬಂದು ಸ್ವಿಚ್ಚು ಒತ್ತಿದೆ. ಫ್ಯಾನು ಗರ್ರೆಂದು ತಿರುಗಿ ಎಲ್ಲ ಸರಿಯಾಗೇ ಎದ್ದಿತು. ಅಷ್ಟರಲ್ಲಿ ಅಕ್ಕ ತನ್ನ ಮೇಜಿನಿಂದಲೇ ಕೂಗಿದಳು. ಅವಳ ಪಟ್ಟಿ ಬರುತ್ತಿಲ್ಲ. ಬೇಕಾದ ವರ್ಷನ್ನು, ಎಂದರೆ ಆವೃತ್ತಿ, ಸಿಗುತ್ತಿಲ್ಲ ಎಂದು ಒಂದು ಸಾಲು ಬರೆದು ಪ್ರೋಗ್ರಾಮು ಬಿದ್ದುಹೋಗುತ್ತಿತ್ತು. ಹಬ್ಬದ ಹಿಂದಿನ ದಿನ ಸಂಜೆ ನಡೆದ ಪ್ರೋಗ್ರಾಮು.

ಇನ್ನೇನು, ವಿಚಾರಣೆ ಶುರುವಾಯಿತು. ಅಟೆಂಡರಣ್ಣನ ಮುಖ ಬಾಡಿಹೋಯಿತು. ‘ನಾನು ಮೂರ್ ಬೆಟ್ಟು ಇಬೂತಿ ಎಳ್ದೆ ಅಷ್ಟೆ ಕಣಮ್ಮ, ಒಳಿಕ್ಕೆ ಹಾಕಿಲ್ಲ’ ಎಂದು ಬಂದವರಿಗೆಲ್ಲ ಸಾಕ್ಷಿ ಹೇಳಿದ. ತೀರ್ಥ ಚಿಮುಕಿಸಿದ್ದು ಯಾರು ಎಂದಾಯಿತು. ಕೊನೆಗೆ ಮುಚ್ಚಳ ಬಿಚ್ಚಿ ನೋಡಿಯೂ ಆಯಿತು. ಒಳಗೆ ಚೆಂಡುಹೂವಿನ ಒಂದು ಎಸಳು ಸಿಕ್ಕಿತು. ‘ಸಿಕ್ತಲ್ಲ!’ ಎಂದು ಮುಖ್ಯಸ್ಥರು ಅದನ್ನು ಎತ್ತಿ ಹಿಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ.

ಎಸಳು ಏನೂ ಮಾಡಿರಲಿಲ್ಲ. ಇಂಥ ಪ್ರೋಗ್ರಾಮುಗಳು ಎಲ್ಲವನ್ನೂ ತಾವೇ ಮಾಡುವುದಿಲ್ಲ. ಬೇರೆಯವರು ಬರೆದಿಟ್ಟ ಸಿದ್ಧ ಸಾಮಾನಿನ ಕಟ್ಟುಗಳನ್ನು, ಪ್ಯಾಕೇಜುಗಳನ್ನು, ನೆಚ್ಚಿಕೊಂಡಿರುತ್ತವೆ. ಆ ಪ್ಯಾಕೇಜು ಇನ್ನೊಂದನ್ನು ನೆಚ್ಚಿರುತ್ತದೆ, ಅದೂ ಇಂಥದ್ದೇ ವರ್ಷನ್ನು ಬೇಕು ಎಂದು ಹಟ ಹಿಡಿದಿರುತ್ತದೆ. ನಾನು ಹೋಗಿ ನೋಡಿದರೆ ಅಕ್ಕನ ಪ್ರೋಗ್ರಾಮು ನೆಚ್ಚಿದ್ದ ಹಳೆಯ ಪ್ಯಾಕೇಜಿನ ಜಾಗದಲ್ಲಿ ಹೊಸದು ಕೂತಿತ್ತು, ಅದೂ ಶ್ರಾವಣದಿಂದ. ಯಾರು ಹಾಕಿದರು ಎಂದು ನಾನಿನ್ನೂ ಬಾಯಿಬಿಟ್ಟು ಕೇಳಿಯೂ ಇಲ್ಲ, ರಾಗಿ ಸಾರ್ ಬಾಗಿಲಲ್ಲಿ ನಿಂತು, ‘ನಾನ್ ಹಾಕಿದ್ದು ಎಲ್ಲಾರ್ಗೂ ಒಳ್ಳೇದಾಗ್ಲಿ ಅಂತ ಕಣಮ್ಮ’ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಹಾಗಿದ್ದರೆ ಶ್ರಾವಣದಿಂದ ಹಬ್ಬದವರೆಗೆ ಅಕ್ಕನ ಪಟ್ಟಿ ಹೇಗೆ ಬರುತ್ತಿತ್ತು? ಅವಳ ಪ್ರೋಗ್ರಾಮು ಶ್ರಾವಣಕ್ಕೂ ಮೊದಲಿನಿಂದ ನಿಲ್ಲದೆ ಓಡುತ್ತಾ, ಕೇಳಿದಾಗಲೆಲ್ಲ ಪಟ್ಟಿ ಕೊಡುತ್ತಿತ್ತು. ಒಮ್ಮೆ ಶುರುವಾದ ಪ್ರೋಗ್ರಾಮು ತನಗೆ ಬೇಕಾದುದನ್ನೆಲ್ಲ ಆಗಲೇ ನೆನಪಿಗೆ ತುಂಬಿಕೊಂಡಿರುತ್ತದೆ. ಆಮೇಲೆ ಡಿಸ್ಕಿನಲ್ಲಿ ಹಳೆಯದನ್ನು ತೆಗೆದು ಹೊಸದಿಟ್ಟರೂ ಅದಕ್ಕೆ ತಿಳಿಯುವುದಿಲ್ಲ. ನಿಲ್ಲಿಸಿ ಮತ್ತೆ ಎಬ್ಬಿಸಿದಾಗಲೇ ಮನೆ ಬದಲಾಗಿರುವುದು ಗೊತ್ತಾಗುವುದು. ಪೂಜೆಯ ಪಾಲು ಇಷ್ಟೇ: ಅದು ಯಂತ್ರವನ್ನು ಮಲಗಿಸಿತು, ಎದ್ದಾಗ ಗುಟ್ಟು ರಟ್ಟಾಯಿತು. ಅಟೆಂಡರಣ್ಣನಿಗೆ ಇದನ್ನು ವಿವರಿಸಿದಾಗ ಅವನು ನಿಟ್ಟುಸಿರು ಬಿಟ್ಟು ನನಗೊಂದು ಟೀ ತಂದುಕೊಟ್ಟ.

ನಾನು ಹಳೆಯದನ್ನು ವಾಪಸು ಹಾಕಿದೆ. ಅಕ್ಕನ ಪ್ರೋಗ್ರಾಮು ಎದ್ದಿತು, ರಾಗಿ ಸಾರ್ ಅವರದು ಬಿತ್ತು. ಅವರ ವಂಶಾವಳಿಯ ಪ್ರೋಗ್ರಾಮಿಗೆ ಹೊಸದೇ ಬೇಕು. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವರು ಹೊಸದನ್ನು ಹಾಕಿದ್ದರು, ಪಾಸ್‌ವರ್ಡು ಗೊತ್ತಲ್ಲ. ಅಕ್ಕನದು ಬಿತ್ತು. ಅವಳಿಗೂ ಪಾಸ್‌ವರ್ಡು ಗೊತ್ತು. ಹೀಗೇ ನಡೆಯಿತು ಕೆಲವು ದಿನ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವಂತೆ ಆ ಎಳೆದಾಟದಲ್ಲಿ ಅವರಿಬ್ಬರದ್ದೂ ಅಲ್ಲದ ಇನ್ನೂ ಕೆಲವು ಸಾಮಾನುಗಳು ಕೆಟ್ಟು, ಕೊನೆಗೆ ಮುಖ್ಯಸ್ಥರ ಪ್ರಿಂಟರೂ ನಿಂತಿತು. ಅಕ್ಕ ಮತ್ತು ರಾಗಿ ಸಾರ್ ಮಾತು ಬಿಟ್ಟರು. ಪಕ್ಕಪಕ್ಕದ ಮೇಜುಗಳಲ್ಲಿ ಕೂತು, ನನ್ನ ಮೂಲಕ, ‘ಅವ್ರಿಗೆ ಹೇಳಮ್ಮ’, ‘ಇವ್ರಿಗೆ ಹೇಳಮ್ಮಿ’. ನನಗೆ ರೇಗಿತು. ನಾನೇನು ಅವರಿಬ್ಬರ ನಡುವಿನ ಪೋಸ್ಟ್‌ಮ್ಯಾನೇ?

ಪ್ರಿಂಟರು ನಿಂತ ಮೇಲೆ ಮುಖ್ಯಸ್ಥರು ಪಂಚಾಯ್ತಿ ಸೇರಿಸಿದರು. ಹಳೆಯದೋ ಹೊಸದೋ ಒಂದನ್ನು ಇಟ್ಟುಕೊಳ್ಳಿ, ಇನ್ನೊಬ್ಬರು ಹೊಂದಿಕೊಂಡು ಹೋಗಿ ಎಂದರು. ಇಬ್ಬರಿಗೂ ಬೇರೆ ಬೇರೆ ಮಾಡಿಕೊಡುತ್ತೇನೆ ಎಂದು ನಾನು ಹೇಳಿದೆ. ಅವರು ಕೈಯಾಡಿಸಿಬಿಟ್ಟರು.

‘ಒಂದ್ ಮನೇಲಿ ಎರಡ್ ಒಲೆ ಉರೀಬಾರ್ದು ಕಣಮ್ಮ. ಇವತ್ತು ಒಲೆ ಬೇರೆ, ನಾಳೆ ಪಾಲು. ಆಮೇಕೆ ಇನ್ನೊಬ್ರು ನಂಗೂ ಬೇರೆ ಕೊಡಿ ಅಂತಾರೆ.’

ಆ ಮಾತಿಗೆ ಎದುರಿಲ್ಲ. ನಮ್ಮ ಕಡೆ ಮನೆ ಒಡೆಯಿತು ಎನ್ನಬೇಕಾದರೆ ಒಲೆ ಬೇರೆಯಾಯಿತು ಎಂದೇ ಹೇಳುವುದು. ನಾನು ತಲೆ ತಗ್ಗಿಸಿ ಎದ್ದೆ. ಕೋಣೆಗೆ ವಾಪಸು ಬಂದು ಕೂತರೆ ಸಿಟ್ಟಿಗೆ ಕಣ್ಣಲ್ಲಿ ನೀರು. ಸರ್ವರಿನ ಎದೆಯ ವಿಭೂತಿ ಇನ್ನೂ ಅಳಿಸಿರಲಿಲ್ಲ.

ಆ ಭಾನುವಾರ ಮನೆಯಲ್ಲಿ ನಮ್ಮವ್ವ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಆ ಸಲ ನಮ್ಮಲ್ಲಿ ಎರಡು ಬೆಳೆ ಒಟ್ಟಿಗೆ ಬಂದಿದ್ದವು. ಒಂದು ಇನ್ನೂ ಚಾಕಿ, ಎಂದರೆ ಮೊಟ್ಟೆಯೊಡೆದು ಬಂದ ಮರಿಹುಳು. ಇನ್ನೊಂದು ನಾಲ್ಕು ಜ್ವರ ಎದ್ದು, ಎಂದರೆ ನಾಲ್ಕು ಸಲ ಪೊರೆ ಕಳಚಿ, ಗೂಡು ಕಟ್ಟಲು ಹತ್ತಿರವಿದ್ದ ದೊಡ್ಡ ಹುಳು. ಮರಿಗೆ ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ, ದೊಡ್ಡದಕ್ಕೆ ಬಲಿತ ಸೊಪ್ಪು. ಅದಕ್ಕೆ ಇದನ್ನು ಹಾಕಿದರೆ ತಿನ್ನಲಾರದೆ ಸಾಯುತ್ತದೆ, ಇದಕ್ಕೆ ಅದನ್ನು ಹಾಕಿದರೆ ಗೂಡು ಜಳ್ಳು. ಹಾಗಂತ ಎರಡು ಮನೆ ಕಟ್ಟಿರಲಿಲ್ಲ. ನಡುವೆ ಒಂದು ಗೋಣಿತಾಟಿನ ಪರದೆ, ಆ ಕಡೆಗೇ ಬೇರೆ ಕತ್ತಿ, ಬೇರೆ ತಟ್ಟೆ, ಆ ಕಡೆಯಿಂದ ಈ ಕಡೆ ಬರುವಾಗ ಕೈತೊಳೆಯಲು ಒಂದು ಬೋಗುಣಿ. ನಾನು ಚಿಕ್ಕಂದಿನಿಂದ ಆ ಬೋಗುಣಿಯಲ್ಲಿ ಕೈ ಅದ್ದಿದವಳು. ಆ ಹೊತ್ತು ಅದರ ಮುಂದೆ ಒದ್ದೆ ಕೈಯಲ್ಲಿ ಸುಮ್ಮನೆ ನಿಂತುಬಿಟ್ಟೆ. ‘ಏನಮ್ಮಿ, ದೆವ್ವ ಮೆಟ್ಕಂತಾ?’ ಎಂದಳು ಅವ್ವ.

ಸೋಮವಾರ ನೇರವಾಗಿ ಮುಖ್ಯಸ್ಥರ ಕೋಣೆಗೇ ಹೋದೆ.

‘ಸಾರ್, ಒಲೆ ಬ್ಯಾಡ. ಹುಳದ ಮನೇಲಿ ಚಾಕಿಗೂ ದೊಡ್ಡುಳಕ್ಕೂ ಒಂದೇ ಸೊಪ್ಪು ಹಾಕ್ತಾರಾ?’

ಅವರು ಕನ್ನಡಕ ತೆಗೆದರು. ಅವರೂ ಹುಳದ ಮನೆಯಲ್ಲೇ ಬೆಳೆದವರು.

‘ಸೂರು ಒಂದೇ ತಾನೆ?’ ಎಂದರು.

‘ಒಂದೇ ಸಾರ್.’

‘ಪರದೆ ಕಟ್ಟಮ್ಮ ಹಂಗಾರೆ.’

ಹೊಸ ಪಾಸ್‌ವರ್ಡಿನ ಮಾತು ಬಂದಾಗ ಅವರೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ‘ನಂಗೆ ಹೇಳ್ಬೇಡ. ಹೇಳುದ್ರೆ ಬಾಯ್ಬುಡ್ತೀನಿ.’

ಆಮೇಲಿನದು ನಿಧಾನದ ಕೆಲಸ, ನನಗೆ ತುಂಬಾ ಇಷ್ಟವಾದ ಕೆಲಸ. ಅಕ್ಕನ ಫೋಲ್ಡರಿನೊಳಗೆ ಅವಳಿಗೆಂದೇ ಹಳೆಯ ಪ್ಯಾಕೇಜು, ಅದು ನೆಚ್ಚಿದ್ದ ಇತರ ಹಳೆಯ ಸಾಮಾನು, ಅವು ನೆಚ್ಚಿದ್ದವು, ಹೀಗೆ ಬೇರಿನವರೆಗೆ ಎಲ್ಲವನ್ನೂ ಒಂದೊಂದಾಗಿ ಕೂರಿಸಿದೆ. ಅವಳ ಪ್ರೋಗ್ರಾಮು ಏನನ್ನೇ ಹುಡುಕಿದರೂ ಮೊದಲು ಅಲ್ಲೇ ಹುಡುಕಬೇಕು, ಹೊರಗೆ ಕೈಚಾಚಬಾರದು. ರಾಗಿ ಸಾರ್ ಅವರಿಗೂ ಹಾಗೇ, ಹೊಸದರಿಂದ. ಎಲ್ಲರಿಗೂ ಸೇರಿದ ನಡುಮನೆಯನ್ನು ಯಾರೂ ಮುಟ್ಟುವಂತಿಲ್ಲ. ಒಂದು ಸಾಮಾನು ಕೂರಿಸಿದರೆ ಅದು ಇನ್ನೊಂದನ್ನು ಕೇಳುತ್ತಿತ್ತು, ಅದು ಮಗದೊಂದನ್ನು. ನೆಂಟರಿಗೆ ಎಲೆ ಹಾಕುವಾಗ ಒಬ್ಬರ ಹಿಂದೆ ಇನ್ನೊಬ್ಬರು ಬರುತ್ತಲೇ ಇರುತ್ತಾರಲ್ಲ, ಹಾಗೆ. ಕೆಲಸ ಮುಗಿದ ದಿನ ಇಬ್ಬರ ಪ್ರೋಗ್ರಾಮೂ ಒಂದೇ ಹೊತ್ತಿಗೆ ಓಡಿದವು. ಅಕ್ಕನ ಪಟ್ಟಿ ಬಂತು, ಮೊದಲ ಸಾಲಿನಲ್ಲಿ ಚೊಚ್ಚಲು. ದೀಪಾವಳಿ ಹತ್ತಿರವಿತ್ತು, ಮಾರನೇ ದಿನ ಅಕ್ಕ ಮನೆಯಿಂದ ಕಜ್ಜಾಯ ತಂದು ರಾಗಿ ಸಾರ್ ಮೇಜಿನ ಮೇಲೂ ಎರಡಿಟ್ಟಳು. ಅವರು, ‘ಹಳೇದಾ ಹೊಸ್ದಾ?’ ಎಂದರು. ಅವಳು ನಕ್ಕಳು.

ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ನನ್ನದೊಂದು ಕೆಟ್ಟ ಗುಣ, ಪರದೆ ಕಟ್ಟಿದ ಮೇಲೆ ಎರಡೂ ಕಡೆ ಇಣುಕಿ ನೋಡದೆ ಇರಲಾರೆ. ಎಂದಾದರೂ ಅಕ್ಕನ ಪ್ರೋಗ್ರಾಮು ಹೊಸದಕ್ಕೆ ಬರಲೇಬೇಕಲ್ಲ, ಎಷ್ಟು ಕಷ್ಟ ನೋಡೋಣ ಎಂದು ಅದರ ಒಂದು ನಕಲು ತೆಗೆದು, ಹೊಸದಕ್ಕೆ ಒಗ್ಗದಿದ್ದ ಸಾಲನ್ನು ತಿದ್ದಿ ಓಡಿಸಿದೆ. ಪಟ್ಟಿ ಬಂತು. ಎಲ್ಲ ಸಾಲುಗಳೂ ಇದ್ದವು, ಮೊದಲನೆಯದು ಇರಲಿಲ್ಲ.

ನನ್ನ ಕೈತಪ್ಪು ಎಂದುಕೊಂಡು ಮತ್ತೆ ಓಡಿಸಿದೆ. ಇಲ್ಲ. ಹೊಸ ಪ್ಯಾಕೇಜಿನ ಜೊತೆ ಬಂದಿದ್ದ ಸೂಚನೆಗಳನ್ನು ಓದಿದೆ. ಯಾರೂ ಓದದಂಥ ಸಣ್ಣ ಅಕ್ಷರದ ಪುಟಗಳ ನಡುವೆ ಒಂದು ಕಡೆ ಹೇಳಿದ್ದರು: ಎರಡು ಡಿಎನ್‌ಎಗಳ ನಡುವಿನ ಹೋಲಿಕೆ ತುಂಡುತುಂಡಾಗಿ ಬಂದಾಗ ಹಳೆಯದು ಮೊದಲ ತುಂಡನ್ನಷ್ಟೇ ಓದಿ ಬಿಡುತ್ತಿತ್ತು, ಈಗ ಸರಿಪಡಿಸಿದೆ. ಎಲ್ಲರ ಮನೆ ದೋಸೆಯೂ ತೂತೇ. ಆದರೆ ಈ ತೂತಿನಲ್ಲಿ ಬಿದ್ದುಹೋಗಿದ್ದು ಅಕ್ಕನ ಚೊಚ್ಚಲು. ಅದು ಹುಳುವಿನಲ್ಲೂ ಇತ್ತು. ಒಂದೇ ಕಡೆ ಅಲ್ಲ, ಚೂರುಚೂರಾಗಿ ಇತ್ತು. ಹಳೆಯದು ಮೊದಲ ಚೂರನ್ನಷ್ಟೇ ನೋಡಿ, ಇಷ್ಟು ಹೋಲಿಕೆ ಲೆಕ್ಕಕ್ಕಿಲ್ಲ ಎಂದು ಬಿಟ್ಟಿತ್ತು.

ಅವಳಿಗೆ ಹೇಳುವುದೋ ಬೇಡವೋ ಎಂದು ನಾನು ತೂಗಿ ನೋಡಲಿಲ್ಲ. ತೂಗಿದ್ದರೆ ಬಾಯಿ ಬರುತ್ತಿರಲಿಲ್ಲವೇನೋ. ಎದ್ದು ಹೋಗಿ, ‘ಅಕ್ಕ, ಒಸಿ ಬಾ’ ಎಂದೆ. ಅವಳು ನೋಡಿದಳು. ಮುಖ ಕೆಂಪಾಯಿತು.

‘ನೀನ್ಯಾಕ್ ಅದ್ನ ಮುಟ್ಟಕ್ಕೋದೆ? ಬೇರೆ ಮಾಡ್ಕೊಟ್ಟೆ ತಾನೆ? ಅಲ್ಲೇ ಇರೋಕ್ ಬುಡಕ್ಕಾಗ್ತಿರ್ಲಿಲ್ವ?’

ಆಮೇಲೆ ಕೆಲವು ದಿನ ಅವಳು ನನ್ನ ಕೋಣೆಗೆ ಬರಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಬೇರೆ ಕಡೆ ನೋಡುತ್ತಿದ್ದಳು. ನನಗೆ ಊಟ ಸೇರಲಿಲ್ಲ. ಪ್ರಬಂಧ ಸಿದ್ಧವಿದೆ, ಹಳೆಯ ಪಟ್ಟಿ ಅವಳ ಫೋಲ್ಡರಿನಲ್ಲಿ ಭದ್ರವಾಗಿದೆ, ಕೇಳಿದಾಗಲೆಲ್ಲ ಅದೇ ಉತ್ತರ ಕೊಡುತ್ತದೆ. ಅವಳು ಅದನ್ನೇ ಅಂಟಿಸಿ ಕೊಟ್ಟುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಬೇಕಾದ ಅನುಕೂಲವನ್ನೆಲ್ಲ ನಾನೇ ಕಟ್ಟಿಕೊಟ್ಟಿದ್ದೆ.

ಒಂದು ಮಧ್ಯಾಹ್ನ ಅವಳೇ ಬಂದು ಕುರ್ಚಿ ಎಳೆದುಕೊಂಡು ಕೂತಳು. ‘ಎರಡೂ ಒಟ್ಟಿಗೆ ತೋರ್ಸು’ ಎಂದಳು. ಪರದೆಯ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಯಾವುದನ್ನೂ ನಂಬದೆ, ಯಾವ ಪ್ಯಾಕೇಜಿನ ಹಂಗೂ ಇಲ್ಲದ ಮೂಲ ವರದಿಯನ್ನೇ ತೆರೆಸಿ, ಸಾಲುಸಾಲಾಗಿ ಬೆರಳಿಟ್ಟು ತಾನೇ ಓದಿದಳು. ತುಂಡುಗಳು ಇದ್ದವು. ಅವಳ ಬೆರಳು ಒಂದೊಂದರ ಮೇಲೂ ನಿಂತು ಮುಂದೆ ಹೋಯಿತು.

ಕೊನೆಯ ತುಂಡು ಮುಗಿದ ಮೇಲೆ ಅವಳು ಬೇರೆ ಏನೋ ಹೇಳಿದಳು. ಅವಳು ಹೈಸ್ಕೂಲಿನಲ್ಲಿದ್ದಾಗ ಅವರ ಮನೆಯಲ್ಲಿ ಒಂದು ಬೆಳೆ ಹಣ್ಣಾಗಲು, ಎಂದರೆ ಗೂಡು ಕಟ್ಟಲು, ಬಂದಿತ್ತಂತೆ. ಯಾರೋ ಬಂದು ನೋಡಿ ಗಂಟು ರೋಗ ಎಂದರು. ಅಕ್ಕಪಕ್ಕದ ಹುಳದ ಮನೆಯವರು ಹೆದರಿ ಬಾಗಿಲಿಗೆ ಬಂದು ನಿಂತರು. ಅವಳ ಅಪ್ಪ ತಟ್ಟೆಗಳನ್ನು ಹೊಲಕ್ಕೆ ಹೊತ್ತು ಸೀಮೆಎಣ್ಣೆ ಸುರಿದ. ಹುಳುಗಳು ಆಗಲೂ ಸೊಪ್ಪು ತಿನ್ನುತ್ತಿದ್ದವು.

‘ನಮ್ಮವ್ವ ಇವತ್ಗೂ ಅಂತಾಳೆ, ಹುಳ ಚೆನ್ನಾಗಿದ್ವು ಕಣವ್ವ ಅಂತ. ಚೆನ್ನಾಗಿದ್ವೋ ಇಲ್ವೋ ನಂಗ್ ಗೊತ್ತಿಲ್ಲ. ಅದ್ ಗೊತ್ತಾಗ್ಲಿ ಅಂತ್ಲೇ ನಾನಿದ್ಕೆ ಬಂದಿದ್ದು. ಇದ್ನ ಹಿಂಗೇ ಕೊಟ್ರೆ, ಇನ್ಯಾರ್ದೋ ಮನೆ ಬಾಗ್ಲಲ್ಲಿ ನಾನೇ ಹೋಗಿ ನಿಂತಂಗೆ ಅಲ್ವೇನಮ್ಮಿ?’

ನಾನು ಅವಳ ಕೈ ಹಿಡಿದುಕೊಂಡೆ. ಎ.ಸಿ.ಯ ತಂಪಿನಲ್ಲಿ ಅದು ಬಿಸಿಯಾಗಿತ್ತು.

ಮೊದಲ ಸಾಲನ್ನು ಅವಳೇ ತೆಗೆದಳು. ಅದರ ಸುತ್ತ ಹೆಣೆದಿದ್ದ ಅಧ್ಯಾಯವನ್ನು ಮತ್ತೆ ಬರೆಯಬೇಕಾಯಿತು, ಪ್ರಬಂಧ ಕೊಡುವುದು ಮುಂದಕ್ಕೆ ಹೋಯಿತು. ಮೊಟ್ಟೆ ಕೇಂದ್ರದವರಿಗೆ ಏನು ಹೇಳಲಿ ಎಂದು ಮುಖ್ಯಸ್ಥರು ಮುಖ ಸಣ್ಣದು ಮಾಡಿಕೊಂಡರು. ಈ ಬೆಳೆಗೆ ಬೇಡ ಎಂದು ಹೇಳಿ ಸಾರ್ ಎಂದಳು. ಹೊಸದು ಹಾಕಿದ್ದಕ್ಕೆ ರಾಗಿ ಸಾರ್ ಅವರಿಗೆ ಅವಳು ಥ್ಯಾಂಕ್ಸ್ ಹೇಳಿದಾಗ ಅವರು ಪೆಚ್ಚಾಗಿ, ಅವಳ ಹೊಸ ಅಧ್ಯಾಯದ ಚಿತ್ರಗಳನ್ನೆಲ್ಲ ತಾವೇ ಕೂತು ಮಾಡಿಕೊಟ್ಟರು. ಹಳೆಯ ಫೋಲ್ಡರನ್ನು ಅಳಿಸಲೇ ಎಂದು ನಾನು ಕೇಳಿದೆ. ಬೇಡ, ಎಲ್ಲಿ ತಪ್ಪಿದೆವು ಅಂತ ನೋಡಲು ಇರಲಿ ಎಂದಳು. ನಾನು ಅಲ್ಲಿರುವವರೆಗೂ ಅದು ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅವಳ ಜೊತೆ ಕನಕಪುರದ ಬಸ್ಸು ಹತ್ತಿ ಅವಳ ಊರಿಗೆ ಹೋದೆ. ಹುಳದ ಮನೆಯ ಬಾಗಿಲಲ್ಲಿ ಅವಳ ತಾಯಿ ಸೊ‍ಪ್ಪಿನ ಹೊರೆ ಬಿಚ್ಚುತ್ತಿದ್ದರು. ನನ್ನನ್ನು ನೋಡಿ ನಕ್ಕು, ‘ನಿಮ್ಮನೇಲೂ ಹುಳ ಅವೆ ಅಂದ್ಲು ಇವ್ಳು. ಒಳಿಕ್ ಬರ್ಬ್ಯಾಡ ಕಣವ್ವ, ಬೇಜಾರ್ ಮಾಡ್ಕಬ್ಯಾಡ’ ಎಂದು ಜಗಲಿಯ ಮೇಲೇ ಕೂರಿಸಿ ಕಾಫಿ ಕೊಟ್ಟರು. ನನಗೇಕೆ ಬೇಜಾರು. ನಮ್ಮವ್ವನಾಗಿದ್ದರೆ ಜಗಲಿಗೂ ಬಿಡುತ್ತಿರಲಿಲ್ಲ.

‘ಏನಾಯ್ತವ್ವ ನಿನ್ ಪರೀಕ್ಸೆ? ಈ ಬೆಳೆಗೆ ಬತ್ತದೆ ಅಂದಿದ್ದೆ’ ಎಂದು ಮಗಳನ್ನು ಕೇಳಿದರು.

‘ಇಲ್ಲ ಕಣವ್ವ. ತಪ್ಪಿತ್ತು. ಚೆನ್ನಾಗಿರೋ ಹುಳಾನೂ ರೋಗದ್ದು ಅಂತಿತ್ತು. ಮೊದ್ಲಿಂದ ಮಾಡ್ತಾ ಇವ್ನಿ.’

ಸೊಪ್ಪು ಹಿಡಿದ ಕೈ ನಿಂತಿತು. ಒಳಗೆ ಹುಳು ಮೇಯುವ ಸದ್ದು ಕೇಳುತ್ತಿತ್ತು. ಆ ತಾಯಿ ಮಗಳ ಮುಖವನ್ನೇ ನೋಡಿದರು, ಆಮೇಲೆ ಹೊರೆಯಿಂದ ಒಂದು ಹಿಡಿ ಎಳೆಸೊಪ್ಪು ಬೇರೆ ಮಾಡಿ ಮಡಿಲಿಗೆ ಹಾಕಿಕೊಂಡು ಎದ್ದರು.

‘ನಿಧಾನ್ವಾಗೇ ಮಾಡವ್ವ. ಬೆಂಕಿ ಇಕ್ಕಾಕೇನು ಅವಸ್ರ.’